ಗಾಳಿಗೊಂದು ಬೀಗ, ಬಾವಿಗೊಂದು ಬೀಗ

ಪಾತ್ರೆ ಅಂಗಡಿ ಇಟ್ಟವನ ಬದುಕಿನಲ್ಲಿ ಸದ್ದು ನಿಲ್ಲುವುದಿಲ್ಲ. ಒಂದು ಕೊಡಪಾನ ಬಿದ್ದು, ಉರುಳಿ, ತಿರುಗಿ ತಿರುಗಿ ಸುಮ್ಮನಾಯಿತು ಅನ್ನುವಷ್ಟರಲ್ಲಿ ಅಟ್ಟದಿಂದ ಇನ್ನೊಂದು ಜಾರಿರುತ್ತದೆ. ಪ್ರಸಂಗಗಳೂ ಹಾಗೆಯೇ ಬರುತ್ತವೆ. ಕುಂದಾಪುರ ಪೇಟೆಯಲ್ಲಿ ಕೂದಲು ಕಪ್ಪಿದ್ದಾಗಿನಿಂದ ಕೂತವ ನಾನು. ಯಾರು ಕೊಳ್ಳಲು ಬಂದವರು, ಯಾರು ಸೆಕೆಗೆ ಫ್ಯಾನಿನ ಕೆಳಗೆ ನಿಲ್ಲಲು ಬಂದವರು ಎಂದು ಮೆಟ್ಟಿಲು ಹತ್ತುವ ರೀತಿಯಲ್ಲೇ ಹೇಳಬಲ್ಲೆ. ಆದರೆ ಕಣ್ಣಿಗೆ ಕಾಣದ ಸಾಮಾನನ್ನು ಕಣ್ಣಿಗೆ ಕಾಣದ ಗಿರಾಕಿ ಕೊಂಡುಹೋಗುವ ವ್ಯಾಪಾರ ನನಗೆ ಹೊಸತು. ಮನೆಗೆ ವೈಫೈ ಹಾಕಿಸಿದ ಮೇಲೆ ಅದನ್ನೂ ನೋಡಿದ ಹಾಗಾಯಿತು.

ಮೊದಲು ನೀರಿನ ವಿಷಯ ಹೇಳಿಬಿಡುತ್ತೇನೆ. ವೈಫೈಗೂ ನೀರಿಗೂ ಎಂತ ಸಂಬಂಧ ಎಂದು ಕೇಳಬೇಡಿ. ಹಾಗೆ ಕೇಳಿಯೇ ನಾನು ಕೆಟ್ಟದ್ದು. ನಮ್ಮ ಮನೆ ತಲ್ಲೂರಿನಲ್ಲಿ. ಎದುರು ಬಸ್ ಸ್ಟಾಪು, ಹಿಂದೆ ಹೊಳೆ. ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಎಳನೀರಿನ ಹಾಗೆ. ಏಪ್ರಿಲ್ ಬಂದು ಹೊಳೆಗೆ ಸಮುದ್ರದ ನೀರು ಏರಿತೋ, ಅದೇ ಬಾವಿಯ ನೀರಿನಲ್ಲಿ ಉಪ್ಪು ಹಾಕದೆಯೇ ಗಂಜಿ ಉಣ್ಣಬಹುದು. ಪಕ್ಕದ ಮನೆಯ ಅಣ್ಣಯ್ಯನ ಬಾವಿ ಸ್ವಲ್ಪ ಏರಿನಲ್ಲಿದೆ, ಅದು ಯಾವತ್ತೂ ಸಿಹಿ. ಹಾಗಾಗಿ ಪ್ರತಿ ಬೇಸಗೆಯಲ್ಲಿ ನಮ್ಮ ಪೈಪು ಕಂಪೌಂಡ್ ಗೋಡೆ ಹಾರಿ ಅವರ ಬಾವಿಗೆ ಇಳಿಯುತ್ತದೆ, ಮೊದಲ ಮಳೆಗೆ ವಾಪಸು ಬರುತ್ತದೆ. ಅಣ್ಣಯ್ಯ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ, ಕೈ ಬಿಟ್ಟು, ಊರಿಗೆ ಬಂದು ಕೂತವರು. ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತೇವೆ. ಅಕ್ಕನ ಬಂಗುಡೆ ಮೀನಿನ ಗಸಿ ಗೋಡೆಯ ಮೇಲಿಂದ ಈಚೆ ಬಂದರೆ, ಅದೇ ಪಾತ್ರೆಯಲ್ಲಿ ನನ್ನ ಹೆಂಡತಿಯ ತೌತೆಕಾಯಿ ಹುಳಿ ಆಚೆ ಹೋಗಬೇಕು. ಓಣಿಯ ಮನೆ ಮನೆಗೂ ಇದೇ ಲೆಕ್ಕ, ಖಾಲಿ ಪಾತ್ರೆ ಕೊಡುವ ಕ್ರಮ ನಮ್ಮ ಕಡೆ ಇಲ್ಲ. ಪಾತ್ರೆ ವ್ಯಾಪಾರಿಯಾದ ನನಗೆ ಈ ಕ್ರಮದ ಮೇಲೆ ಗೌರವ ಇದ್ದದ್ದೇ. ಪಾತ್ರೆ ಓಡಾಡಿದಷ್ಟೂ ಬೇಗ ಹೊಸತು ಬೇಕಾಗುತ್ತದೆ.

ಹತ್ತದ ಜನ, ಹೊರಡದ ಬಸ್ಸು

ನಾನು ವೈಫೈ ಹಾಕಿಸಿದ್ದು ನಿದ್ದೆಗಾಗಿ. ಮಧ್ಯಾಹ್ನ ಮನೆಗೆ ಬಂದು ಉಂಡು ಒಂದು ಗಳಿಗೆ ಒರಗುವುದು ನನ್ನ ಅಭ್ಯಾಸ. ಆ ಹೊತ್ತಿನಲ್ಲಿ ಅಂಗಡಿಯ ಮೇಲೆ ಕಣ್ಣಿಡಲು ಅಲ್ಲಿ ಕ್ಯಾಮೆರಾ ಹಾಕಿಸಿದೆ. ಮಲಗಿದಲ್ಲೇ ಫೋನಿನಲ್ಲಿ ನೋಡಲು ಮನೆಗೆ ವೈಫೈ.

ಹಾಕಲು ಬಂದವ ಕೇಳಿದ, “ಪಾಸ್‌ವರ್ಡ್ ಎಂತ ಇಡೂದ್ ಸಾಹುಕಾರ್ರೆ?”

“ಗಾಳಿಗೆ ಎಂತ ಬೀಗ ಮಾರಾಯ? ಕಣ್ಣಿಗ್ ಕಾಣದ್ದನ್ನ ಯಾರ್ ಕದೀತ್ರ್?”

ನಾನ್‌ಸ್ಟಿಕ್ ಬಾಣಲೆಯನ್ನು ಬೂದಿ ಹಾಕಿ ತಿಕ್ಕುತ್ತೇನೆ ಎನ್ನುವ ಗಿರಾಕಿಯನ್ನು ನಾನು ಹೇಗೆ ನೋಡುತ್ತೇನೋ, ಹಾಗೆ ಅವ ನನ್ನನ್ನು ನೋಡಿದ. ಪಾಸ್‌ವರ್ಡ್ ಇಡದೆಯೇ ಹೋದ.

ಸ್ವಲ್ಪ ದಿನದಲ್ಲಿ ನಮ್ಮದೇ ಓಣಿಯಲ್ಲಿ ಮನೆ ಇರುವ ಬಸ್ ಕಂಡಕ್ಟರ್ ಅಂಗಡಿಗೆ ಬಂದು ಜಗಳಕ್ಕೇ ನಿಂತ. “ಹ್ವಾಯ್ ಸಾಹುಕಾರ್ರೆ, ನಿಮ್ಮನಿ ಎದ್ರಿಗೆ ಎಂತ ಇತ್ತ್? ಬಸ್ ಬಂದ್ರೂ ಜನ ಹತ್ತೂದಿಲ್ಲ. ‘ಕುಂದಾಪ್ರ, ಕುಂದಾಪ್ರ’ ಅಂದ್ ಬೊಬ್ಬೆ ಹೊಡದ್ರೆ, ‘ನೀವ್ ಹೋಯ್ನಿ, ಹಿಂದಿನ ಬಸ್ಸಿಗೆ ಬತ್ತೆ’ ಅಂತ್ರ್. ತಲೆ ಎತ್ತೂದೂ ಇಲ್ಲ!”

ನಮ್ಮ ಮಾವಿನಮರದ ನೆರಳು ಅಷ್ಟು ಲಾಯಕ್ಕಿರಬೇಕು ಎಂದುಕೊಂಡೆ. ಅವನಿಗೂ ಅದನ್ನೇ ಹೇಳಿದೆ.

ಮುಂದಿನ ವಾರ ಮನೆಯಲ್ಲಿ ಉಣ್ಣುತ್ತಿದ್ದೇನೆ, ಹೊರಗೆ ಬಸ್ಸಿನ ಹಾರನ್ನು. ನಮ್ಮ ಕಡೆಯ ಖಾಸಗಿ ಬಸ್ಸುಗಳ ವಿಷಯ ನಿಮಗೆ ಗೊತ್ತಲ್ಲ, ಮುಂದಿನ ಬಸ್ಸು ಅರ್ಧ ನಿಮಿಷ ಹೆಚ್ಚು ನಿಂತರೆ ಹಿಂದಿನವ ಅದರ ಏಳು ತಲೆಮಾರನ್ನು ಎಬ್ಬಿಸುತ್ತಾನೆ. ಹಾರನ್ನು ಕೂಗಿತು, ಕೂಗಿತು, ಆಮೇಲೆ ಥಟ್ಟನೆ ನಿಂತಿತು. ಹೊಡೆದಾಟ ಶುರುವಾಯಿತು ಎಂದು ಕೈ ತೊಳೆದು ಓಡಿದೆ. ನೋಡಿದರೆ ನಮ್ಮ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ಕೂತು ಫೋನು ನೋಡುತ್ತಿದ್ದಾನೆ. ಡ್ರೈವರ್ ಸ್ಟೇರಿಂಗಿಗೆ ಫೋನು ಒರಗಿಸಿಕೊಂಡಿದ್ದಾನೆ. ಒಳಗಿದ್ದವರೆಲ್ಲರ ತಲೆ ಬಗ್ಗಿದೆ. ಹಿಂದಿನ ಬಸ್ಸಿನವನಿಗಾದರೂ ಬುದ್ಧಿ ಇದ್ದೀತು ಎಂದು ಆಚೆ ಹೋದೆ. ಅವನ ತಲೆಯೂ ಬಗ್ಗಿತ್ತು.

ಎರಡು ಖಾಸಗಿ ಬಸ್ಸುಗಳು ಒಂದೇ ಸ್ಟಾಪಿನಲ್ಲಿ ಜಗಳವಿಲ್ಲದೆ ನಿಂತದ್ದು ತಲ್ಲೂರಿನ ಚರಿತ್ರೆಯಲ್ಲಿ ಅದೇ ಮೊದಲು. ಶಾಂತಿ ಪ್ರಶಸ್ತಿ ಕೊಡುವವರಿಗೆ ಸುದ್ದಿ ಮುಟ್ಟಲಿಲ್ಲ, ಅಷ್ಟೆ.

ಸ್ಟೂಲಿನ ಮೇಲೆ ನಿಂತವ

ಆಗಲೂ ನಾನು ಬೀಗ ಹಾಕಲಿಲ್ಲ. ಹೋದರೆ ಗಾಳಿ ತಾನೇ? ಕಣ್ಣು ತೆರೆಸಿದ್ದು ನಮ್ಮ ಅಂಗಡಿಯ ಸೇಲ್ಸ್‌ಮ್ಯಾನ್. ನನ್ನದೇ ಪ್ರಾಯದ ಮನುಷ್ಯ, ಅಂಗಡಿಯಷ್ಟೇ ಹಳಬ. ಕೆಲಸಕ್ಕೆ ಸೋಮಾರಿ ಎಂದು ನನ್ನ ಖಾಯಂ ದೂರು.

ಒಂದು ಮಧ್ಯಾಹ್ನ ಮಲಗುವ ಮೊದಲು ಫೋನು ತೆರೆದೆ. ಅವ ಸ್ಟೂಲಿನ ಮೇಲೆ ನಿಂತು, ಕೈ ಚಾಚಿ, ಮೇಲಿನ ಹಲಗೆಯ ಕುಕ್ಕರ್ ಒರೆಸುತ್ತಿದ್ದ. ಪರವಾಗಿಲ್ಲವೇ ಎಂದು ಕಣ್ಣು ಮುಚ್ಚಿದೆ. ಎಚ್ಚರಾಗಿ ನೋಡಿದರೆ ಇನ್ನೂ ಸ್ಟೂಲಿನ ಮೇಲೆಯೇ ಇದ್ದಾನೆ. ಚಾ ಕುಡಿದು ನೋಡಿದೆ. ಅದೇ ಸ್ಟೂಲು, ಅದೇ ಕುಕ್ಕರ್. ನನಗೆ ಒಳಗೊಳಗೇ ನಾಚಿಕೆ ಆಯಿತು. ಇಂಥ ಮನುಷ್ಯನಿಗೆ ಇಷ್ಟು ವರ್ಷ ಬೈದೆನಲ್ಲ! ಅಂಗಡಿಗೆ ಹೋಗುವ ದಾರಿಯಲ್ಲಿ ಬಿಸಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡೆ.

ಅವ ಎಂತ ಏನು ಎಂದು ಕೇಳದೆ ತಿಂದ. ಪೊಟ್ಟಣ ಮುಗಿಯುವಾಗ ಕೇಳಿದೆ, “ಕೈ ನೋಯೂದಿಲ್ಯಾ ನಿಂಗೆ?”

“ಕೈ ಎಂತಕ್ಕೆ ನೋಯೂದ್?”

“ಊಟದ ಹೊತ್ತಿಂದ ಚಾದ ಹೊತ್ತಿನ್ ತನಕ ಒಂದೇ ಕುಕ್ಕರ್ ಒರ್ಸಿದೆಯಲ್ಲ.”

ಅವ ಬೆರಳು ನೆಕ್ಕಿ, ನೆಟ್ಟಗೆ ನನ್ನ ಮುಖ ನೋಡಿದ. “ನಾ ಶಟರ್ ಅರ್ಧ ಎಳ್ದ್ ಮನ್ಕಂಡಿದ್ದೆ ಸಾಹುಕಾರ್ರೆ. ಮನ್ಕಂಬ ಮೊದ್ಲ್ ಕ್ಯಾಮೆರಾಕ್ಕೆ ಕೈಯೂ ಮುಗ್ದಿದ್ದೆ. ನೀವ್ ಎಂತದೂ ಹೇಳ್ಲಿಲ್ಲ. ಒಪ್ಗಿ ಅಂದ್ಕಂಡೆ.”

ವೈಫೈ ಹಾಕಿದವನನ್ನು ಕರೆಸಿದೆ. ಊರೆಲ್ಲ ಒಟ್ಟಿಗೆ ನಿಮ್ಮ ವೈಫೈ ಎಳೆದರೆ ಚಿತ್ರ ಹೀಗೆ ಹೆಪ್ಪುಗಟ್ಟುತ್ತದೆ ಎಂದ. ಮೊದಲ ಸಲ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದ. ಈ ಸಲ ನಾನು ವೇದಾಂತ ಹೇಳಲಿಲ್ಲ. ಗೋಳಿಬಜೆಯ ಉರಿ ಇನ್ನೂ ಇತ್ತು.

ಕಾರ್ಣಿಕ

ಬೀಗ ಹಾಕುವ ದಿನ ಹೆಂಡತಿ ಅಡುಗೆಮನೆಯಿಂದಲೇ ಎಚ್ಚರಿಸಿದಳು. “ಕೇಂಡ್ರ್ಯಾ? ಆಚೆಮನಿ ಅಣ್ಣಯ್ಯ ಜಗಲಿ ಮೇಲ್ ಕೂಕಂಡ್ ಎಂತೆಂತದೋ ಕಾಂತ್ರ್, ಪಾಪ. ನಮ್ದೇ ವೈಫೈ ಆಯ್ಕ್. ಬೀಗ ಹಾಕೂದಾರೆ ಹಾಕಿ. ಏಪ್ರಿಲ್ ಬತ್ತ್, ನೆನಪಿರ್ಲಿ.”

“ನೀರಿಗೂ ವೈಫೈಗೂ ಎಂತ ಸಂಬಂಧ?” ಎಂದೆ.

ಪಾಸ್‌ವರ್ಡ್ ಎಂತ ಇಡುವುದು? ಯಾರೂ ಮುಟ್ಟಲು ಹೆದರುವಂಥದ್ದು ಇರಲಿ ಎಂದು ನಮ್ಮ ಕುಟುಂಬದ ದೈವದ ಹೆಸರನ್ನೇ ಇಟ್ಟೆ. ಕೈ ಮುಗಿದು, “ಇನ್ನ್ ನೀನೇ ಕಾಯ್ಕ್” ಎಂದು ಜವಾಬ್ದಾರಿಯನ್ನೂ ಒಪ್ಪಿಸಿದೆ.

ಮರುದಿನ ಬಸ್ ಸ್ಟಾಪಿನಲ್ಲಿ ಅದೇ ಬಗ್ಗಿದ ತಲೆಗಳು. ಕಂಡಕ್ಟರನನ್ನು ಹಿಡಿದು ಕೇಳಿದೆ, “ಬೀಗ ಹಾಕಿದ್ನಲ್ಲ, ಹ್ಯಾಂಗ್ ತೆಗ್ದೆ?”

ಅವನಿಗೆ ನಾಚಿಕೆ ಎಂಬುದೇ ಇಲ್ಲ. “ಕಷ್ಟ ಬಂದ್ರೆ ಮನ್ಶ ಎಂತ ಮಾಡ್ತ? ದೈವನ್ನ ನೆನೀತ. ಮೊದ್ಲ್ ನಮ್ಮನಿ ದೈವದ್ ಹೆಸ್ರ್ ಹೊಡ್ದೆ, ಆಯ್ಲಿಲ್ಲ. ನಿಮ್ಮನಿ ದೈವದ್ ಹೊಡ್ದೆ, ಬಾಗ್ಲ್ ತೆಗೀತ್.” ಆಮೇಲೆ ದನಿ ಇಳಿಸಿ, ಭಕ್ತಿಯಿಂದ ಹೇಳಿದ, “ಭಾರೀ ಶಕ್ತಿ, ಭಾರೀ ಕಾರ್ಣಿಕ ಇತ್ತ್ ಸಾಹುಕಾರ್ರೆ, ನಿಮ್ಮ ದೈವಕ್ಕೆ.”

ಇಂದು ನಗದು

ಆಮೇಲೆ ನಾನು ಬುದ್ಧಿ ಖರ್ಚು ಮಾಡಿದೆ. ಅರ್ಥವೇ ಇಲ್ಲದ ಅಕ್ಷರ, ಅಂಕೆ, ಚುಕ್ಕಿಗಳನ್ನು ಕಲಸಿ ಒಂದು ಪಾಸ್‌ವರ್ಡ್ ಕಟ್ಟಿದೆ. ದೈವಕ್ಕೂ ಬಾಯಿಪಾಠ ಬರಲಿಕ್ಕಿಲ್ಲ, ಹಾಗಿತ್ತು. ನನಗೂ ಬರಲಿಲ್ಲ. ಕಾಗದದಲ್ಲಿ ಬರೆದರೆ ಹರಿಯುತ್ತದೆ, ಜಿರಲೆ ತಿನ್ನುತ್ತದೆ, ಯಾರಾದರೂ ಓದುತ್ತಾರೆ. ಸ್ಟೀಲನ್ನು ಜಿರಲೆ ತಿನ್ನುವುದಿಲ್ಲ. ಅಂಗಡಿಯಲ್ಲಿ ಪಾತ್ರೆಗೆ ಹೆಸರು ಕೊರೆಯುವ ಮಿಷನ್ ಇದೆಯಲ್ಲ, ಮುಚ್ಚಳದ ಹೊಸ ಸ್ಟೀಲ್ ಪಾತ್ರೆಯೊಂದರ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಅದನ್ನು ಕೊರೆದು, ಮನೆಗೆ ತಂದು, ಉಳಿದ ಪಾತ್ರೆಗಳ ಹಿಂದೆ ಇಟ್ಟೆ. ಪಾತ್ರೆಯ ತಳವನ್ನು ಯಾರು ನೋಡುತ್ತಾರೆ? ಗಿರಾಕಿಗಳೇ ನೋಡುವುದಿಲ್ಲ, ನೋಡಿದ್ದರೆ ನನ್ನ ವ್ಯಾಪಾರ ಇಷ್ಟು ನಡೆಯುತ್ತಿರಲಿಲ್ಲ.

ವೈಫೈಗೆ ಒಂದು ಹೆಸರನ್ನೂ ಕೊಡಬಹುದು, ಆ ಹೆಸರು ಸುತ್ತಲಿನವರ ಫೋನಿನಲ್ಲೆಲ್ಲ ಕಾಣುತ್ತದೆ ಎಂದು ಗೊತ್ತಾಯಿತು. ಬಿಟ್ಟಿ ಜಾಹೀರಾತನ್ನು ಯಾವ ವ್ಯಾಪಾರಿ ಬಿಡುತ್ತಾನೆ? ಅಂಗಡಿಯ ಗೋಡೆಯ ಬೋರ್ಡನ್ನೇ ಏರಿಸಿದೆ: ‘ಇಂದು ನಗದು ನಾಳೆ ಉದ್ರಿ’.

ಎರಡು ದಿನ ಶಾಂತಿ. ಮೂರನೆಯ ದಿನ ಫೋನು ತೆರೆದರೆ ನನ್ನ ಬೋರ್ಡಿನ ಕೆಳಗೆ ಇನ್ನೊಂದು ಹೆಸರು ಹೊಸತಾಗಿ ಮಿನುಗುತ್ತಿತ್ತು. ಆಸುಪಾಸಿನ ಯಾರದೋ ಫೋನಿನ ಹಾಟ್‌ಸ್ಪಾಟು. ಅದರ ಹೆಸರು: ‘ಅಡ್ಡಿಲ್ಲ ನಾಳೆ ಬತ್ತೆ’.

ಬಂದೂ ಬಂದರು. ನಾಲ್ಕನೆಯ ದಿನ ನನ್ನ ಸೇಲ್ಸ್‌ಮ್ಯಾನ್ ಮತ್ತೆ ಹೆಪ್ಪುಗಟ್ಟಿದ.

ಬೋಗುಣಿಯ ಬಾಯಿ

ಪಾಸ್‌ವರ್ಡ್ ಬದಲಿಸಿದೆ, ಇನ್ನೊಂದು ಹೊಸ ಪಾತ್ರೆಯ ತಳದಲ್ಲಿ ಕೊರೆದೆ. ವಾರದೊಳಗೆ ಅದೂ ಸೋರಿತು. ಮತ್ತೊಂದು ಪಾತ್ರೆ. ಅದೂ ಸೋರಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ತಳ ತೂತಾಗದೆ ಸೋರುವ ಪಾತ್ರೆಯನ್ನು ನಾನು ಕಂಡವನಲ್ಲ.

ಗಾಳಿಯನ್ನು ಬೀಗದಿಂದ ಹಿಡಿಯಲಾಗದಿದ್ದರೆ ಪಾತ್ರೆಯಿಂದ ಹಿಡಿಯೋಣ ಎಂದುಕೊಂಡೆ. ಲೋಹದ ಆಚೆ ವೈಫೈ ಹೋಗುವುದಿಲ್ಲ ಎಂದು ಯಾರೋ ಹೇಳಿದ್ದರು. ಮದುವೆಮನೆಗೆ ಬಾಡಿಗೆಗೆ ಕೊಡುವ ಒಂದು ಭಾರೀ ಅಲ್ಯೂಮಿನಿಯಂ ಬೋಗುಣಿ ತಂದು ಅಡ್ಡ ಮಲಗಿಸಿದೆ. ವೈಫೈ ಡಬ್ಬಿಯನ್ನು ಅದರ ಹೊಟ್ಟೆಯಲ್ಲಿ ಇಟ್ಟೆ. ಬೋಗುಣಿಯ ಬೆನ್ನು ಬಸ್ ಸ್ಟಾಪಿಗೆ, ಬಾಯಿ ನಮ್ಮ ನಡುಮನೆಗೆ. ಹೆಂಡತಿ ಬಾಗಿಲಲ್ಲಿ ನಿಂತು, “ಊಟ ಎಷ್ಟ್ ಜನಕ್ಕೆ?” ಎಂದು ಕೇಳಿ ಒಳಗೆ ಹೋದಳು.

ಆ ಸಂಜೆ ಸ್ಟಾಪಿನಲ್ಲಿ ಜನ ತಲೆ ಎತ್ತಿ ಆಕಾಶ ನೋಡಿದರು. ಬಸ್ಸು ಬಂತು, ಎಲ್ಲರೂ ಹತ್ತಿದರು. ನಾನು ಮೀಸೆ ತಿರುವಿಕೊಂಡು ಗೋಡೆಯ ಹತ್ತಿರ ಹೋದೆ. ಆಚೆಯ ಜಗಲಿಯಲ್ಲಿ ಅಣ್ಣಯ್ಯ ಟ್ಯಾಬ್ ಹಿಡಿದು ಕೂತಿದ್ದರು.

“ಅರೆ, ಬಾ ಮಾರಾಯ,” ಎಂದರು. “ಇವತ್ತ್ ನಮ್ಮನಿ ನೆಟ್ ಭಾರೀ ಸ್ಪೀಡ್! ಎಂತ ಆಯ್ತೋ ಗೊತ್ತಿಲ್ಲ, ಏಕ್‌ದಂ ಫಸ್ಟ್ ಕ್ಲಾಸ್.”

ಆಗ ಹೊಳೆಯಿತು. ಬೋಗುಣಿಯ ಬಾಯಿಯ ಎದುರು ನಮ್ಮ ನಡುಮನೆ. ನಡುಮನೆಯ ಕಿಟಕಿಯ ಆಚೆ ಅಣ್ಣಯ್ಯನ ಜಗಲಿ.

“ನಿಮ್ಮನಿ ನೆಟ್ಟಾ ಅಣ್ಣಯ್ಯ?”

“ಮತ್ತೆ? ನಿನ್ನ ಮಾವಿನಮರದ್ ಕೊಂಬಿ ನಮ್ಮ ಬದಿಗ್ ಬೈಂದಲ್ಲ, ಅದ್ರ ಕಾಯಿ ಯಾರ್ ತಿಂಬುದ್?”

“ನೀವೇ.”

“ಹಾಂಗೆ. ಈಚೆ ಬಂದದ್ದ್ ನಮ್ದ್.” ಎಂದವರು ಟ್ಯಾಬಿಗೆ ಕಣ್ಣು ಹಾಕಿ, ಮತ್ತೆ ನೆನಪಾದ ಹಾಗೆ ಹೇಳಿದರು, “ನೀ ಎಂತ ಮಾಡಿದ್ಯೋ, ಅದ್ನ ಹಾಂಗೇ ಇಟ್ಕೊ. ಕದಲ್ಸಬ್ಯಾಡ.”

ಬಾವಿಗೂ ಒಂದು

ವ್ಯಾಪಾರಿಗೆ ನಷ್ಟಕ್ಕಿಂತ, ನಷ್ಟ ಮಾಡಿದವ ಶಹಭಾಸ್ ಎನ್ನುವುದು ಹೆಚ್ಚು ಉರಿಯುತ್ತದೆ. ಬೋಗುಣಿಯನ್ನು ಅಂಗಡಿಗೆ ಸಾಗಿಸಿದೆ. ಇದ್ದುದರಲ್ಲೇ ಉದ್ದದ ಪಾಸ್‌ವರ್ಡ್ ಒಂದನ್ನು ಕಟ್ಟಿ, ಅಂಗಡಿಯ ಅತಿ ಒಳ್ಳೆಯ ಪಾತ್ರೆಯ ತಳದಲ್ಲಿ ಕೊರೆದು, ಈ ಸಲ ಅಟ್ಟದ ಮೇಲೆ ಇಟ್ಟೆ. ಅದೇ ದಿನ ಅಣ್ಣಯ್ಯನ ಜಗಲಿ ಖಾಲಿಯಾಯಿತು. ಮರುದಿನವೂ ಖಾಲಿ. ಗೆದ್ದೆ ಎಂದುಕೊಂಡೆ. ಹೆಂಡತಿ ಮಾತ್ರ ನನ್ನ ಮುಖ ನೋಡಿದಾಗಲೆಲ್ಲ ಕ್ಯಾಲೆಂಡರ್ ನೋಡುತ್ತಿದ್ದಳು.

ಏಪ್ರಿಲ್ ಬಂತು. ಒಂದು ಬೆಳಿಗ್ಗೆ ಚಾದ ಮೊದಲ ಗುಟುಕಿಗೇ ಗೊತ್ತಾಯಿತು: ಹೊಳೆ ಏರಿದೆ, ಬಾವಿ ಉಪ್ಪಾಗಿದೆ. ಪೈಪಿನ ಸುರುಳಿ ಹೆಗಲಿಗೆ ಹಾಕಿಕೊಂಡು ಯಾವತ್ತಿನ ಹಾಗೆ ಆಚೆಮನೆಗೆ ಹೋದೆ.

ಬಾವಿಯ ಕಬ್ಬಿಣದ ಜಾಲರಿಗೆ ಸರಪಳಿ ಸುತ್ತಿತ್ತು. ಸರಪಳಿಗೆ ಒಂದು ಹಿತ್ತಾಳೆ ಬೀಗ, ಮುಂಬೈಯಲ್ಲಿ ಕ್ಯಾಂಟೀನಿನ ಬಾಗಿಲಿಗೆ ಹಾಕುತ್ತಿದ್ದದ್ದು, ತೆಂಗಿನಕಾಯಿಯ ಹೋಳಿನಷ್ಟು ದೊಡ್ಡದು. ಪಕ್ಕದಲ್ಲೇ ಅಣ್ಣಯ್ಯ ಕುರ್ಚಿ ಹಾಕಿ ಕೂತಿದ್ದರು.

“ಎಂತ ಅಣ್ಣಯ್ಯ, ಬೀಗ?”

“ಕಳ್ರ್ ಜಾಸ್ತಿ ಆಯ್ರ್ ಮಾರಾಯ.”

“ಬಾವಿ ನೀರಿಗೆ ಯಾರಾರೂ ಬೀಗ ಹಾಕ್ತ್ರಾ?”

“ಗಾಳಿಗ್ ಆತ್ತಂಬ್ರ್. ನೀರಿಗ್ ಆಗ್ದಾ?”

ನಾನು ಪೈಪು ಕೆಳಗಿಟ್ಟೆ. ಇದು ನೀರಿನ ಮಾತಲ್ಲ, ವ್ಯಾಪಾರದ ಮಾತು ಎಂದು ಗೊತ್ತಾಯಿತು. ವ್ಯಾಪಾರವಾದರೆ ನನಗೆ ಹೆದರಿಕೆ ಇಲ್ಲ. “ಕೀಲಿ ಕೊಡಿ ಅಣ್ಣಯ್ಯ. ಅಕ್ಕನಿಗೆ ಒಂದ್ ಹೊಸ ಕುಕ್ಕರ್ ಕಳ್ಸ್ತೆ.”

“ನಮ್ಮನಿಲಿ ಎರಡಿತ್ತ್.”

“ಇಡ್ಲಿ ಪಾತ್ರೆ?”

“ಕ್ಯಾಂಟೀನ್ ನಡ್ಸ್‌ದವನಿಗೆ ಇಡ್ಲಿ ಪಾತ್ರೆ ಮಾರ್ತ್ಯಾ? ಇದ್ಕೆ ಕೀಲಿ ಇಲ್ಲ. ಪಾಸ್‌ವರ್ಡ್.”

“ಎಂತ ಪಾಸ್‌ವರ್ಡ್?”

“ನಿಂದೇ. ನಿನ್ನ ಬಾಯಗೇ ಹೇಳ್ಕ್.”

ಗೋಡೆಯ ಆಚೆಯಿಂದ ಹೆಂಡತಿಯ ದನಿ ಬಂತು. “ಹ್ವಾಯ್, ಹೇಳ್‌ಬಿಡಿ! ಅನ್ನಕ್ಕೆ ನೀರ್ ಇಡ್ಕ್!”

ಕೊನೆಗೆ ಸೋತೆ. ಆದರೆ ಹೇಳುವುದು ಎಂತ? ಮೂರನೆಯ ಅಕ್ಷರದ ಆಚೆ ನನಗೆ ನೆನಪಿಲ್ಲ. “ಒಂದ್ ಗಳಿಗೆ ಇರಿ, ಮನಿಗ್ ಹೋಯ್ ಕಂಡ್ ಬತ್ತೆ” ಎಂದು ಓಡಿದೆ. ಏಣಿ ಇಟ್ಟು ಅಟ್ಟ ಹತ್ತಿದೆ. ಪಾತ್ರೆ ಇಲ್ಲ. ಹಿಂದೆ ಹುಡುಕಿದೆ, ಮುಂದೆ ಹುಡುಕಿದೆ, ಗೋಣಿ ಎತ್ತಿ ಹುಡುಕಿದೆ.

“ಎಂತ ಹುಡ್ಕ್‌ತ್ರಿ?” ಕೆಳಗಿಂದ ಹೆಂಡತಿ.

“ಇಲ್ಲೊಂದ್ ಹೊಸ ಪಾತ್ರೆ ಇತ್ತಲ್ಲ, ಮುಚ್ಚಳದ್?”

“ಅದಾ? ನಿನ್ನೆ ತೌತೆಕಾಯಿ ಹುಳಿ ಹಾಕಿ ಆಚೆಮನಿಗ್ ಕೊಟ್ಟೆ.”

ನಾನು ಏಣಿಯ ಮೇಲೆಯೇ ಕೂತೆ. “ಮನಿಲಿ ಬೇರೆ ಪಾತ್ರೆ ಇರ್ಲಿಲ್ಯಾ?”

“ಪಾತ್ರೆ ಅಂಗಡಿ ಸಾಹುಕಾರ್ರ ಮನಿಂದ ಹಳೇ ಪಾತ್ರೆಲಿ ಹುಳಿ ಕೊಟ್ರೆ ಮರ್ಯಾದಿ ಎಂತ ಆಯ್ಕ್? ನೀವ್ ಹೊಸ್ತ್ ತಂದಾಗೆಲ್ಲ ಅದ್ರಗೇ ಅಲ್ದಾ ನಾ ಕೊಡೂದ್.” ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಇಷ್ಟು ವರ್ಷ ಗಿರಾಕಿಗಳ ಮುಖ ಓದಿದವನಿಗೆ ಆ ಮುಖ ಒಂದನ್ನು ಇವತ್ತಿಗೂ ಓದಲಾಗಿಲ್ಲ.

ವಾಪಸು ಹೋದೆ. ಬಾವಿಕಟ್ಟೆಯ ಬದಿಯ ಒಗೆಯುವ ಕಲ್ಲಿನ ಮೇಲೆ ಅಕ್ಕ ತೊಳೆದಿಟ್ಟ ಪಾತ್ರೆಗಳು ಬಿಸಿಲಿಗೆ ಒಣಗುತ್ತಿದ್ದವು. ತೊಳೆದ ಪಾತ್ರೆಯನ್ನು ಎಲ್ಲರೂ ಹೇಗೆ ಇಡುತ್ತಾರೆ? ಕವುಚಿ. ನನ್ನ ಹೊಸ ಪಾತ್ರೆ ಎಲ್ಲದರ ಮುಂದೆ ಬೆನ್ನು ಮೇಲೆ ಮಾಡಿ ಮಲಗಿತ್ತು. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಬಿಸಿಲಿಗೆ ಫಳಫಳ ಎನ್ನುತ್ತಿದ್ದವು. ಅಷ್ಟು ಅಂದವಾಗಿ ನಾನು ಗಿರಾಕಿಗಳ ಹೆಸರನ್ನೂ ಕೊರೆದವನಲ್ಲ.

ಬೇರೆ ದಾರಿ ಇರಲಿಲ್ಲ. ಸೊಂಟ ಬಗ್ಗಿಸಿ, ಕನ್ನಡಕ ಏರಿಸಿ, ಪಕ್ಕದ ಮನೆಯ ಅಂಗಳದಲ್ಲಿ ನಿಂತು, ನನ್ನ ಗುಟ್ಟನ್ನು ನನ್ನದೇ ಪಾತ್ರೆಯಿಂದ ಗಟ್ಟಿಯಾಗಿ ಓದಿದೆ. ಅಣ್ಣಯ್ಯ ಟ್ಯಾಬ್ ತೆಗೆದು, ಒಂದೊಂದೇ ಅಕ್ಷರ ಹೊಡೆದು, ಸ್ವಲ್ಪ ಕಾದು, ತಲೆಯಾಡಿಸಿದರು.

“ಸರಿ ಇತ್ತ್.”

“ಇನ್ನಾರೂ ಬೀಗ ತೆಗೀನಿ.”

“ಎಳಿ, ಬತ್ತ್.”

ಎಳೆದೆ. ಬಂತು. ಬೀಗದ ಕೊಂಡಿ ಕೂತೇ ಇರಲಿಲ್ಲ, ಸುಮ್ಮನೆ ನೇತಾಡಿಸಿದ್ದು.

“ಕೀಲಿ ಮುಂಬೈಯಗೇ ಉಳೀತ್ ಮಾರಾಯ,” ಎಂದರು ಅಣ್ಣಯ್ಯ. “ನಿನ್ನ ಬೀಗದ ಹಾಂಗೇ ಇದೂ, ಕಾಂಬುಕೆ ಚಂದ.”

ಪೈಪು ಬಾವಿಗೆ ಇಳಿಸಿದೆ. ನಮ್ಮ ಬದಿಯ ತೊಟ್ಟಿಯಲ್ಲಿ ನೀರು ಬಿದ್ದ ಸದ್ದಿಗೆ ಹೆಂಡತಿ “ಬಂತ್!” ಎಂದು ಕೂಗಿದಳು. ಇನ್ನು ನಾನು ಮೆಲ್ಲಗೆ ಜಾಗ ಖಾಲಿ ಮಾಡುವುದು ಎಂದು ಕಲ್ಲಿನ ಮೇಲಿದ್ದ ನನ್ನ ಪಾತ್ರೆಗೆ ಕೈ ಹಾಕಿದೆ. ಅಷ್ಟರಲ್ಲಿ ಅಕ್ಕ ಒಳಗಿಂದ ಬಂದು ಅದನ್ನು ಕಿತ್ತುಕೊಂಡು, ಬಾವಿಯಿಂದ ಒಂದು ಕೊಡ ಎತ್ತಿ, ಬಾಯಿಯವರೆಗೆ ಸಿಹಿನೀರು ತುಂಬಿಸಿ ನನ್ನ ಕೈಗಿಟ್ಟರು.

“ಖಾಲಿ ಕೊಡೂಕಾಗ, ತಕಂಡ್ ಹೋಯ್ನಿ,” ಎಂದರು. “ನಾಳೆ ಇದ್ರಗೇ ಎಂತಾರೂ ಹಾಕಿ ಕಂಡಕ್ಟ್ರ್ ಮನಿಗ್ ಕಳ್ಸೂಕ್ ಹೇಳಿ. ಪಾಪ, ಅವ್ರ್ ಇನ್ನೂ ಹಳೇ ಪಾತ್ರೆಲೇ ಇದ್ರ್.”